ಸೋಮವಾರದ ಸಂಬಳ

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮಾರನೆಯ ಬೆಳಗ್ಗೆ ಹಾಲಿನವನು ಗೇಟಿನ ಬಳಿ ನಿಂತು, ನಾಳೆಯಿಂದ ಒಂದು ಪ್ಯಾಕೆಟ್ ಕಮ್ಮಿ ಮಾಡಲೇ ಎಂದು ಕೇಳಿದ. ಮಾಡು ಎಂದೆ. ಹನ್ನೆರಡು ದಿನಗಳಲ್ಲಿ ನಾನು ತೆಗೆದುಕೊಂಡ ಮೊದಲ ತೀರ್ಮಾನ ಅದು.

ಒಳಗೆ ಬಂದಾಗ ಪ್ರಭುವಿನ ಫೋನು ಚಾರ್ಜಿಗೆ ಹಾಕಿದ್ದಲ್ಲೇ ಸದ್ದು ಮಾಡಿತು. ಅದನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದವರು ಯಾರೋ. ಬಹುಶಃ ನಾನೇ. ತೆರೆದು ನೋಡಿದೆ. ಆದಾಯ ತೆರಿಗೆ ಇಲಾಖೆಯ ಮೇಲ್ ಬಂದಿತ್ತು.

ಬಸವಪ್ರಭು ನನ್ನ ಗಂಡ. ಮೂವತ್ತಾರು ವರ್ಷ. ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಗಾಣದ ಎಣ್ಣೆಯ ಗಿರಣಿ ನಡೆಸುತ್ತಿದ್ದ. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೊಬ್ಬರಿ ಮೂಟೆಯ ಮೇಲೆ ಕೂತ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಮೇಲ್‌ನಲ್ಲಿದ್ದದ್ದು ನೋಟಿಸು. ಎರಡು ವರ್ಷದ ಹಿಂದಿನ ಲೆಕ್ಕದ ಬಗ್ಗೆ. 'ನಿಮ್ಮ ಪತ್ನಿಗೆ ಸಂಬಳವೆಂದು ತೋರಿಸಿರುವ ಮೂರು ಲಕ್ಷ ಅರವತ್ತು ಸಾವಿರ ರೂಪಾಯಿಯನ್ನು ನಿಮ್ಮ ಆದಾಯಕ್ಕೇ ಏಕೆ ಸೇರಿಸಬಾರದು, ಹತ್ತು ದಿನದೊಳಗೆ ತಿಳಿಸಿ' ಎಂಬ ಅರ್ಥದ ಇಂಗ್ಲಿಷು. ಕಾರಣಗಳನ್ನೂ ಕೊಟ್ಟಿದ್ದರು. ಗಿರಣಿಯ ಹಾಜರಿ ಪುಸ್ತಕದಲ್ಲಿ ಪತ್ನಿಯ ಹೆಸರೇ ಇಲ್ಲ. ಅದೇ ಪುಸ್ತಕದ ಪ್ರಕಾರ ಗಿರಣಿಗೆ ಪ್ರತಿ ಸೋಮವಾರ ರಜೆ. ಪತ್ನಿ ಬರೆದಳೆನ್ನುವ ಎಣ್ಣೆ ಪರೀಕ್ಷೆಯ ಪುಸ್ತಕದಲ್ಲಿರುವ ತಾರೀಖುಗಳೆಲ್ಲ ಸೋಮವಾರದವು, ಒಂದೂ ಬಿಡದೆ. ಕೆಲಸವೇ ನಡೆಯದ ದಿನಗಳಲ್ಲಿ ಕೆಲಸ ಮಾಡಿದ್ದು ಹೇಗೆ? ಪುಸ್ತಕವನ್ನು ಆಮೇಲೆ ಕೂತು ಬರೆದಂತೆ ಕಾಣುತ್ತದೆ.

ಓದಿ ಮುಗಿಸಿ, ಅವರ ಜಾಗದಲ್ಲಿದ್ದರೆ ನಾನೂ ಹೀಗೇ ಬರೆಯುತ್ತಿದ್ದೆ ಅಂದುಕೊಂಡೆ.

ಮಧ್ಯಾಹ್ನ ಭಾವನ ಜೊತೆ ಬಿ.ಎಚ್. ರಸ್ತೆಯ ಆಡಿಟರ್ ಜಯಪ್ರಕಾಶ್ ಅವರ ಆಫೀಸಿಗೆ ಹೋದೆ. ಶಿವಮೂರ್ತಿ ಭಾವ ಪ್ರಭುವಿನ ಅಣ್ಣ, ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ಹನ್ನೊಂದು ದಿನವೂ ನಿಂತು ಎಲ್ಲ ಮಾಡಿದ್ದರು. ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುವುದು ಮೇಲು.

ಜಯಪ್ರಕಾಶ್ ನೋಟಿಸನ್ನು ಎರಡು ಸಲ ಓದಿದರು.

"ನೋಡಿ ಮೇಡಂ, ಗಂಡನ ಬಿಸಿನೆಸ್‌ನಲ್ಲಿ ಹೆಂಡ್ತಿಗೆ ಸಂಬಳ ಕೊಟ್ರೆ, ಕಾನೂನು ಅದನ್ನ ಮಾಮೂಲಾಗಿ ಗಂಡನ ಆದಾಯಕ್ಕೇ ಸೇರಿಸುತ್ತೆ. ಇಲ್ಲಾಂದ್ರೆ ಎಲ್ರೂ ಮನೆಯೋರ ಹೆಸರಿಗೆ ಅರ್ಧ ಬರೆದು ಟ್ಯಾಕ್ಸ್ ಉಳಿಸ್ಕೋತಾರೆ. ವಿನಾಯ್ತಿ ಒಂದೇ. ಹೆಂಡ್ತಿಗೆ ಆ ಕೆಲಸಕ್ಕೆ ಬೇಕಾದ ತಾಂತ್ರಿಕ ಓದು ಇರ್ಬೇಕು, ಸಂಬಳ ಆ ಓದಿನ ಕೆಲಸಕ್ಕೇ ಕೊಟ್ಟಿರ್ಬೇಕು."

"ನಂದು ಎಂಎಸ್ಸಿ ಕೆಮಿಸ್ಟ್ರಿ."

"ಗೊತ್ತು. ಅದನ್ನ ನಂಬ್ಕೊಂಡೇ ನಾವು ಹಾಗೆ ತೋರಿಸಿದ್ದು. ಸಂಬಳ ಬ್ಯಾಂಕಲ್ಲೇ ಬಂದಿದೆ, ನಿಮ್ಮ ಹೆಸರಲ್ಲಿ ಬೇರೆ ರಿಟರ್ನ್ ಹೋಗಿದೆ. ತಿಂಗಳಿಗೆ ಮೂವತ್ತು ಸಾವಿರ, ನಿಮ್ಮ ಓದಿಗೆ ಹೊರಗಿನ ಲ್ಯಾಬಲ್ಲೂ ಅಷ್ಟು ಕೊಡ್ತಾರೆ. ಆದ್ರೆ ಸರ್ಟಿಫಿಕೇಟ್ ಇದ್ರೆ ಸಾಲಲ್ಲ. ಕೆಲಸ ಮಾಡಿದೀರ ಅಂತ ತೋರಿಸ್ಬೇಕು. ಇವ್ರು ಕೇಳ್ತಿರೋದು ಅದು."

ಭಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಒಪ್ಕೊಂಡ್ರೆ ಎಷ್ಟಾಗುತ್ತೆ ಸಾರ್?"

"ಬಡ್ಡಿ ಸೇರಿ ಲಕ್ಷದ ಆಸುಪಾಸು."

"ನಾನು ಕಟ್ತೀನಿ, ಬಿಡಿ. ಗೌರಿ, ನೀನು ತಲೆ ಕೆಡಿಸ್ಕೋಬೇಡ. ಹೆಸರಿಗೆ ಸಂಬಳ ತೋರ್ಸಿದ್ವಿ, ತಪ್ಪಾಯ್ತು ಅಂತ ಒಂದು ಕಾಗದ ಬರ್ದು ಹಾಕ್ಬುಡೋಣ. ಗಿರಣಿನ ನಾನು ನೋಡ್ಕೋತೀನಿ. ನಿಂಗೆ ತಿಂಗಳಾ ತಿಂಗಳಾ ಇಪ್ಪತ್ತು ಸಾವಿರ ಮನೆ ಬಾಗ್ಲಿಗೆ ಬರುತ್ತೆ. ನೀನು ಸತ್ಯಮಂಗಲಕ್ಕೆ ಕಾಲಿಡೋದೇ ಬೇಡ."

ಗಿರಣಿಯ ಮೇಲೆ ಬ್ಯಾಂಕಿನ ಸಾಲವಿತ್ತು. ಮುಂದಿನ ತಿಂಗಳು ಅದನ್ನು ನವೀಕರಿಸಬೇಕು. ಪ್ರಭು ಇಲ್ಲದ ಮೇಲೆ ಯಾರು ನಡೆಸುತ್ತಾರೆ, ಅವರಿಗೆ ಏನು ಅನುಭವ ಎಂದು ಬ್ಯಾಂಕಿನವರು ಕೇಳಿದ್ದರು. ನಾನು ಎಂದು ಹೇಳಬೇಕೆಂದಿದ್ದೆ. ಆರು ವರ್ಷ ನಾನು ಗಿರಣಿಯಲ್ಲಿ ಏನೂ ಮಾಡಿಲ್ಲವೆಂದು ಸರ್ಕಾರಕ್ಕೆ ಬರೆದುಕೊಟ್ಟ ಮೇಲೆ ಅದನ್ನು ಯಾವ ಬಾಯಿಂದ ಹೇಳುವುದು? ಗಿರಣಿ ಆ ಒಂದು ಸಾಲಿನ ಉತ್ತರದ ಮೇಲೆ ನಿಂತಿತ್ತು.

"ಬರೆಯಲ್ಲ ಭಾವ," ಎಂದೆ.

"ಯೋಚ್ನೆ ಮಾಡಮ್ಮ."

"ಮಾಡಿದೆ."

ಜಯಪ್ರಕಾಶ್ ನಮ್ಮಿಬ್ಬರನ್ನೂ ನೋಡಿ ಕನ್ನಡಕ ತೆಗೆದರು. "ತೀರ್ಕೊಂಡೋರ ಹೆಸರಿಗೆ ಬಂದಿರೋ ನೋಟಿಸು ಇದು. ಮರಣ ಪತ್ರ ಹಾಕಿ, ವಾರಸುದಾರರು ಅಂತ ನಿಮ್ಮ ಹೆಸರು ನೋಂದಾಯಿಸಿ, ಟೈಮ್ ಕೇಳ್ತೀನಿ. ನಿಮ್ಮ ಅತ್ತೇನೂ ವಾರಸುದಾರರೇ. ಅವ್ರ ಒಪ್ಪಿಗೆ ಕಾಗದ ಬೇಕು. ಅಷ್ಟರೊಳಗೆ ಒಂದು ಪ್ರಶ್ನೆಗೆ ಉತ್ತರ ತನ್ನಿ. ಸೋಮವಾರಾನೇ ಯಾಕೆ?"

ಅದನ್ನು ಅಲ್ಲೇ ಹೇಳಿದೆ. ನಮ್ಮ ಮಾವನ ಕಾಲದಲ್ಲಿ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಎತ್ತು ಹೋಗಿ ಮೋಟಾರು ಬಂದು ಹದಿನೈದು ವರ್ಷವಾದರೂ ಸೋಮವಾರ ಗಾಣ ತಿರುಗುವುದಿಲ್ಲ. ಮಿಕ್ಕ ಆರು ದಿನ ಅದು ತಿರುಗುವಾಗ ಇಡೀ ಶೆಡ್ಡು ಅದುರುತ್ತದೆ. ಮೂಲೆಯಲ್ಲಿ ನನ್ನ ಲ್ಯಾಬು, ಹತ್ತಡಿಗೆ ಎಂಟಡಿ. ಎಣ್ಣೆಯಲ್ಲಿ ನೀರಿನಂಶ ಎಷ್ಟಿದೆ ಎಂದು ನೋಡಲು ಹತ್ತು ಗ್ರಾಂ ಎಣ್ಣೆ ತೂಗಿ, ಓವನ್ನಿನಲ್ಲಿ ಆರಿಸಿ, ಮತ್ತೆ ತೂಗಬೇಕು. ಎರಡು ತೂಕದ ನಡುವಿನ ವ್ಯತ್ಯಾಸ ಕೆಲವೇ ಮಿಲಿಗ್ರಾಂ. ಗಾಣ ತಿರುಗುವಾಗ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ಹಾಗಾಗಿ ಪ್ರತಿ ದಿನ ಹಿಂಡಿದ ಎಣ್ಣೆಯಿಂದ ಒಂದೊಂದು ಬಾಟಲಿ ತೆಗೆದು, ಚೀಟಿ ಅಂಟಿಸಿ ಇಡುತ್ತಿದ್ದೆ. ಸೋಮವಾರ ಕೂತು ಎಲ್ಲವನ್ನೂ ತೂಗುತ್ತಿದ್ದೆ. ಪುಸ್ತಕದಲ್ಲಿ ಹಿಂಡಿದ ದಿನಕ್ಕೆ ಒಂದು ಕಾಲಂ ಇದೆ, ಪರೀಕ್ಷೆಯ ದಿನಕ್ಕೆ ಇನ್ನೊಂದು. ಅವರು ಎರಡನೆಯದನ್ನು ಮಾತ್ರ ಓದಿದ್ದರು.

"ಇಷ್ಟು ಸೊಗಸಾಗಿದೆ ಅಂದ್ರೆ ಯಾರೂ ನಂಬಲ್ಲ," ಎಂದರು ಜಯಪ್ರಕಾಶ್. "ಹಾಜರಿ ಪುಸ್ತಕದಲ್ಲಿ ಹೆಸರು ಯಾಕಿಲ್ಲ?"

ಅದನ್ನು ಬರೆಯುವವನನ್ನೇ ಕೇಳಬೇಕಿತ್ತು. ಅಲ್ಲಿಂದ ನೇರ ಗಿರಣಿಗೆ ಹೋದೆ. ಹಾಜರಿ ಪುಸ್ತಕ ಬರೆಯುವುದು ಚಿಕ್ಕಬೀರಯ್ಯ, ಮಾವನ ಕಾಲದಿಂದ ಗಾಣದ ಮುಂದಿರುವ ಆಳು. ನನ್ನನ್ನು ನೋಡಿ ಎದ್ದು, ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡ.

"ನನ್ನ ಹೆಸ್ರು ಯಾಕೆ ಬರೀಲಿಲ್ಲ ಬೀರಯ್ಯ?"

"ಎಲ್ಲಿ ಬರೀಲಿ ಅಮ್ಮಾರೇ? ಅದು ಆಳುಗಳ ಪುಸ್ತಕ."

"ನಾನೂ ಸಂಬಳ ತಗೋತಿದ್ನಲ್ಲ."

"ತಗೊಂಡ್ರೆ? ನನ್ನ ಹೆಸ್ರು, ಆ ಕುಡುಕ ರಂಗನ ಹೆಸ್ರು, ಅದರ ಕೆಳಗೆ ಯಜಮಾನ್ತಿ ಹೆಸ್ರು ಬರ್ದು ಪಕ್ಕದಲ್ಲಿ ಹಾಜರಿ ಅಂತ ಟಿಕ್ ಹಾಕದಾ? ಒಂದಿನ ನೀವು ಗಿರಣಿಗೆ ಬರದೆ ಇದ್ರೆ ಗೈರುಹಾಜರಿ ಅಂತ ಬರೀಬೇಕು. ನಮ್ ಕೈಲಾಯ್ತದಾ ಅದು? ಸಣ್ ಯಜಮಾನ್ರು ಎಲ್ಡು ಸಲ ಹೇಳಿದ್ರು, ಬರಿಯೋ ಬೀರಯ್ಯ ಅಂತ. ಆಯ್ತು ಬುಡಿ ಅಂದೆ. ಬರೀಲಿಲ್ಲ."

ಮರ್ಯಾದೆ ಕೊಡಲು ಹೋಗಿ ಅವನು ನನ್ನನ್ನು ಆರು ವರ್ಷ ಗೈರುಹಾಜರಿ ಮಾಡಿದ್ದ. ನನಗೆ ನಗು ಬಂತು. ಹನ್ನೆರಡು ದಿನಗಳಾದ ಮೇಲೆ ಬಂದ ನಗು, ಸ್ವಲ್ಪ ವಿಚಿತ್ರ ಸದ್ದು ಮಾಡಿತು. ಬೀರಯ್ಯ ಹೆದರಿದ.

"ನಾ ಏನಾರ ತಪ್ಪು ಮಾಡಿದ್ನಾ ಅವ್ವ?"

"ಇಲ್ಲ. ಇದನ್ನೇ ಬರೆದು ಸಹಿ ಹಾಕ್ಕೊಡು. ಈಗ ಹೇಳಿದ ಹಾಗೇ."

"ಕುಡುಕ ರಂಗ ಅಂತ್ಲೂನಾ?"

"ಅದನ್ನ ಬಿಡು."

ಆಮೇಲೆ ಗಾಣ ಹಾಕಿಸಿದೆ. ತಕ್ಕಡಿಯಲ್ಲಿ ಖಾಲಿ ಬಟ್ಟಲಿಟ್ಟು, ಗಾಜಿನ ಬಾಗಿಲು ಮುಚ್ಚಿ, ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಅಂಕಿಗಳು ಮೇಲೆ ಕೆಳಗೆ ಓಡುತ್ತಿದ್ದವು. ಬೀರಯ್ಯನಿಗೆ ಕೈ ಸನ್ನೆ ಮಾಡಿದೆ. ಗಾಣ ನಿಂತಿತು. ಅಂಕಿ ಎರಡು ಸಲ ಅಲ್ಲಾಡಿ ನಿಂತಿತು, ನಾಲ್ಕನೆಯ ದಶಮಾಂಶದವರೆಗೆ. ಎರಡು ನಿಮಿಷದ ವಿಡಿಯೋ.

ಅಂದು ಸಂಜೆ ಕ್ಯಾತ್ಸಂದ್ರದ ಮನೆಯಲ್ಲಿ ಭಾವ ಅತ್ತೆಯ ಮುಂದೆ ಕೂತಿದ್ದರು. ನಾನು ಬರುವ ಮೊದಲೇ ಎಲ್ಲ ಹೇಳಿ ಆಗಿತ್ತು. ಅತ್ತೆ ಶಕುಂತಲಮ್ಮ ಅವರೇಕಾಯಿ ಸುಲಿಯುತ್ತಿದ್ದರು.

"ಬಾ ಇಲ್ಲಿ," ಎಂದರು. "ನಿನ್ ಸಂಬಳ ಎಷ್ಟಂತೆ?"

"ಮೂವತ್ತು ಸಾವಿರ ಅತ್ತೆ."

"ಆರು ವರ್ಷ ಮೂವತ್ತು ಸಾವಿರ. ನಂಗೊಂದು ಸೀರೆ ತಂದ್ಯಾ?"

"ತಂದಿದ್ದೆ. ಬಣ್ಣ ಚೆನ್ನಾಗಿಲ್ಲ ಅಂತ ಗುಬ್ಬಿ ಅಕ್ಕನಿಗೆ ಕೊಟ್ರಿ."

"ಹೂಂ, ಅದು ನಿಜ." ಒಂದು ಕಾಯಿ ಸುಲಿದರು. "ಶಿವ, ನಿಮ್ಮಪ್ಪನ ಗಾಣದ ಮುಂದೆ ನಾನು ಎಷ್ಟು ವರ್ಷ ಕೂತಿದ್ದೆ?"

"ಈಗ ಅದ್ಯಾಕಮ್ಮ?"

"ಹೇಳೋ."

"ಮೂವತ್ತು, ಮೂವತ್ತೈದು."

"ಕೊಬ್ರಿ ಮುಟ್ಟಿ ನೋಡಿ, ಇದು ಹಸಿ ಐತೆ ಹಿಂಡ್ಬೇಡಿ ಅಂತಿದ್ದೋಳು ನಾನು. ನಿಮ್ಮಪ್ಪ ಜನದ ಮುಂದೆ ನಂಗೇ ಗೊತ್ತಾಯ್ತು ಅಂತಿದ್ರು. ಒಂದು ಕಾಸು ಇದು ನಿನ್ದು ಕಣೇ ಅಂತ ಕೈಗೆ ಇಡ್ಲಿಲ್ಲ. ಪ್ರಭು ಇಟ್ಟವ್ನೆ. ಬರ್ದು ಇಟ್ಟವ್ನೆ, ಬ್ಯಾಂಕಲ್ಲಿ ಇಟ್ಟವ್ನೆ. ಈಗ ಅದು ಸುಳ್ಳು ಅಂತ ಇವಳ ಕೈಲಿ ಬರೆಸ್ತೀಯಾ?"

"ಸುಳ್ಳು ಅಂತ ನಾನೆಲ್ಲಿ ಅಂದೆ. ತಾಪತ್ರಯ ಬೇಡ ಅಂದೆ."

"ತಾಪತ್ರಯ ಅವಳ್ದು. ಕಾಗದ ತಾರೇ ಗೌರಿ. ಎಲ್ಲಿ ಸೈನು?"

ಅವರೇಕಾಯಿಯ ಸೊಗಡು ಅಂಟಿದ ಬೆರಳಿನಲ್ಲೇ ಸಹಿ ಮಾಡಿದರು. ಭಾವ ಊಟಕ್ಕೆ ನಿಲ್ಲದೆ ಗುಬ್ಬಿಗೆ ಹೊರಟರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನನಗೆ ಹೇಳಿದರು: "ಕೊಬ್ರಿ ಬೇಕಂದ್ರೆ ಫೋನ್ ಮಾಡು. ಮಾರ್ಕೆಟ್ ರೇಟೇ. ತಮ್ಮನ ಹೆಂಡ್ತಿ ಅಂತ ಕಮ್ಮಿ ಮಾಡಲ್ಲ."

"ಕಮ್ಮಿ ಮಾಡಿದ್ರೆ ಹಸಿ ಕೊಬ್ರಿ ಅಂತ ಅರ್ಥ ಭಾವ," ಎಂದೆ.

ಅವರು ತಲೆಯಾಡಿಸಿದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಎರಡು ದಿನ ಬಿಟ್ಟು ಜಯಪ್ರಕಾಶ್ ಎಲ್ಲವನ್ನೂ ನೋಡಿದರು. ವಿಡಿಯೋ, ಬೀರಯ್ಯನ ಕಾಗದ, ಅವನ ಹಿಂಡುವ ಲೆಕ್ಕದ ಪುಸ್ತಕಕ್ಕೂ ನನ್ನ ಬಾಟಲಿ ನಂಬರುಗಳಿಗೂ ಹೊಂದಿಕೆ ತೋರಿಸಿ ನಾನು ಮಾಡಿದ ಪಟ್ಟಿ. ಮಕ್ಕಳ ಮೈಗೆ ಹಚ್ಚುವ ಎಣ್ಣೆ ಮಾಡುವ ಬೆಂಗಳೂರಿನ ಕಂಪನಿಗೆ ಪ್ರತಿ ಮಂಗಳವಾರ ಹೋಗುತ್ತಿದ್ದ ವರದಿಗಳೂ ಇದ್ದವು. ಆದರೆ ಅವೆಲ್ಲ ಪ್ರಭುವಿನ ಮೇಲ್‌ನಿಂದ, ಪ್ರಭುವಿನ ಸಹಿಯಲ್ಲಿ.

"ಎಲ್ಲಾ ಮನೆಯೋರ ಕಾಗದ ಆಯ್ತು," ಎಂದರು. "ಹೊರಗಿನೋರ ಕೈಯಿಂದ ಒಂದು ಬೇಕು. ಆ ವರ್ಷದಲ್ಲೇ ಬರೆದಿರೋದು. ಆ ತಕ್ಕಡಿ ಬಿಲ್ ಎಲ್ಲಿ? ಅಷ್ಟು ದೊಡ್ಡ ಸಾಮಾನು, ನಮ್ಮ ಲೆಕ್ಕದಲ್ಲಿ ಎಲ್ಲೂ ಕಾಣ್ತಿಲ್ವಲ್ಲ."

ತಕ್ಕಡಿ ಬಂದದ್ದು ನನ್ನ ಮದುವೆಯಾದ ವರ್ಷ. ಎಪ್ಪತ್ತು ಸಾವಿರ ಕೊಟ್ಟು ತಂದೆ ಎಂದು ಪ್ರಭು ಹೇಳಿದ್ದ. ಕುಣಿಗಲ್ಲಿನ ಚಂದ್ರು ಅವರಿಂದ ಸೆಕೆಂಡ್ ಹ್ಯಾಂಡ್. ಚಂದ್ರು ಅಲ್ಲಿ ಮಣ್ಣು, ನೀರು ಪರೀಕ್ಷೆಯ ಲ್ಯಾಬ್ ಇಟ್ಟವರು. ಆರು ತಿಂಗಳಿಗೊಮ್ಮೆ ಅವರೇ ಸ್ಕೂಟರಿನಲ್ಲಿ ಬಂದು, ಪೆಟ್ಟಿಗೆಯಿಂದ ಹಿತ್ತಾಳೆಯ ತೂಕಗಳನ್ನು ತೆಗೆದು, ತಕ್ಕಡಿ ಸರಿ ತೋರಿಸುತ್ತದೆಯೇ ಎಂದು ನೋಡಿ ಹೋಗುತ್ತಿದ್ದರು. ಮಾರಿದ ಮೇಲೂ ಇಷ್ಟು ಕಾಳಜಿಯೇ ಎಂದು ನಾನು ಒಮ್ಮೆ ಪ್ರಭುವನ್ನು ಕೇಳಿದ್ದೆ. ಹಳೇ ಕಾಲದ ಜನ ಎಂದಿದ್ದ.

ಅಲ್ಲಿಂದಲೇ ಫೋನ್ ಮಾಡಿದೆ.

"ಬಿಲ್ಲಾ?" ಎಂದರು ಚಂದ್ರು. "ಬಿಲ್ ಎಲ್ಲಿ ಬರುತ್ತೆ ಮೇಡಂ, ನಾನು ಮಾರಿಲ್ವಲ್ಲ."

"ಹಾಗಂದ್ರೆ?"

"ನಮ್ಮ ಲ್ಯಾಬ್ ಚಿಕ್ಕ ಜಾಗಕ್ಕೆ ಬಂತಲ್ಲ ಆವಾಗ, ಇಡೋಕೆ ಜಾಗ ಇರ್ಲಿಲ್ಲ. ಆರು ತಿಂಗಳು ಇಟ್ಕೋತೀನಿ ಅಂತ ತಗೊಂಡು ಹೋದ್ರು. ಆಮೇಲೆ ನಾನೂ ಕೇಳ್ಲಿಲ್ಲ. ಈಗ ಕೇಳೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ."

"ನಂಗೆ ತಗೊಂಡಿದ್ದು ಅಂತ ಹೇಳಿದ್ರು."

"ಗೊತ್ತು. ಇನ್ನೊಬ್ಬರ ಸಾಮಾನು ಅಂದ್ರೆ ಅವಳು ಹೆದರ್ಕೊಂಡು ಕೆಲಸ ಮಾಡ್ತಾಳೆ, ಹೇಳ್ಬೇಡಿ ಸಾರ್ ಅಂದ್ರು. ನಾನು ಹೇಳ್ಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತೋ ಏನೋ. ಬರಲಿಲ್ಲ. ಜಯಪ್ರಕಾಶ್ ಅವರ ಮೇಜಿನ ಮೇಲಿದ್ದ ಲೋಟದ ನೀರು ಕುಡಿದೆ.

"ನೀವು ಬಂದು ನೋಡಿದಾಗೆಲ್ಲ ಒಂದು ಚೀಟಿ ಬರೀತಿದ್ರಲ್ಲ," ಎಂದೆ. "ನಮ್ಮ ಪ್ರತಿ ಸಿಕ್ತಿಲ್ಲ. ನಿಮ್ಮ ಹತ್ರ ಇದೆಯಾ?"

"ಎಲ್ಲಾ ಇದೆ. ನನ್ನ ತಕ್ಕಡಿ ಮೇಡಂ, ಅದರ ಜಾತಕ ನನ್ನ ಹತ್ರ ಇರಲ್ವಾ?"

ಅಂದೇ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಚೀಟಿಗಳನ್ನು ತಂದೆ. ಇಲಾಖೆ ಕೇಳಿದ ವರ್ಷದಲ್ಲಿ ಎರಡು ಇದ್ದವು. ಎರಡರಲ್ಲೂ ಚಂದ್ರು ಅವರ ಉರುಟು ಅಕ್ಷರ. ತಾರೀಖು, ವಾರ ಸೋಮವಾರ. ಬಳಸುವವರು: ಮಂಗಳಗೌರಿ, ಎಂಎಸ್ಸಿ. ಕೆಳಗೆ ನನ್ನ ಸಹಿ. ಷರಾ ಎಂಬಲ್ಲಿ: 'ಗಾಣ ತಿರುಗುವಾಗ ತಕ್ಕಡಿ ಬಳಸಕೂಡದು. ರಜೆಯ ದಿನವೇ ತೂಗತಕ್ಕದ್ದು. ಮಾಲೀಕರಿಗೆ ತಿಳಿಸಿದೆ.'

ಜಯಪ್ರಕಾಶ್ ಅದನ್ನು ಓದಿ ಕುರ್ಚಿಗೆ ಒರಗಿದರು. "ಇದು ಮೊದಲೇ ಇದ್ದಿದ್ರೆ ನೋಟಿಸೇ ಬರ್ತಿರ್ಲಿಲ್ಲ," ಎಂದರು. ಉತ್ತರವನ್ನು ನಾನೇ ಬರೆದೆ. ಎರಡು ಪುಟ. ಅವರು ಸೆಕ್ಷನ್‌ಗಳನ್ನು ಮಾತ್ರ ಸೇರಿಸಿದರು. ತಕ್ಕಡಿ ನಮ್ಮದಲ್ಲ, ಎರವಲು ತಂದದ್ದು ಎಂದೂ ಬರೆದೆ. ಅದು ಬೇಕಿಲ್ಲ ಎಂದರು. ಇರಲಿ ಎಂದೆ.

ಬ್ಯಾಂಕಿಗೂ ಅದೇ ವಾರ ಹೋದೆ. ಮ್ಯಾನೇಜರು, ನಿಮಗೆ ಏನು ಅನುಭವ ಎಂದು ಕೇಳಿದರು. ಉತ್ತರದ ಪ್ರತಿಯನ್ನು ಮುಂದಿಟ್ಟೆ. ಓದುತ್ತಾ ಒಂದು ಕಡೆ ನಿಲ್ಲಿಸಿ, ಸೋಮವಾರ ಈಗಲೂ ರಜೆಯೇ ಎಂದರು. ಈಗಲೂ ರಜೆ, ನನಗೆ ಮಾತ್ರ ಇಲ್ಲ ಎಂದೆ. ಇಲಾಖೆಯ ಆದೇಶ ಬಂದ ಮೇಲೆ ಅದರ ಪ್ರತಿಯನ್ನೂ ಕೊಡಿ, ಅಲ್ಲಿವರೆಗೆ ಫೈಲು ತೆರೆದಿಡುತ್ತೇನೆ ಎಂದರು.

ಆದೇಶ ಏಳು ವಾರದ ಮೇಲೆ ಬಂತು. ಪತ್ನಿಯ ಸಂಬಳ ಆಕೆಯ ತಾಂತ್ರಿಕ ಜ್ಞಾನಕ್ಕೆ ಸಂದದ್ದು, ಆಕೆಯ ಆದಾಯವೇ ಎಂದು ಒಪ್ಪಿದ್ದರು. ಪ್ರಭುವಿನ ಕಾರಿನ ಡೀಸೆಲ್ ಖರ್ಚಿನಲ್ಲಿ ಒಂದು ಪಾಲನ್ನು ಸ್ವಂತ ಓಡಾಟವೆಂದು ತಳ್ಳಿಹಾಕಿದ್ದರು. ಅದೂ ಸರಿಯೇ. ಅವನು ಸುಮ್ಮಸುಮ್ಮನೆ ಗೂಳೂರಿನವರೆಗೆ ಹೋಗಿ ಮಂಡಕ್ಕಿ ತಿಂದು ಬರುತ್ತಿದ್ದ.

ಬ್ಯಾಂಕಿನ ಸಾಲ ನನ್ನ ಹೆಸರಿಗೆ ನವೀಕರಣವಾಯಿತು. ಅದರಲ್ಲಿ ಮೊದಲು ಕೊಂಡದ್ದು ಹೊಸ ತಕ್ಕಡಿ, ಗಿರಣಿಯ ಹೆಸರಿನಲ್ಲಿ ಬಿಲ್ಲು ಹಾಕಿಸಿ. ಈಗ ಗಿರಣಿಯ ಒಡತಿ ನಾನೇ. ನನಗೆ ನಾನೇ ಸಂಬಳ ಕೊಟ್ಟುಕೊಳ್ಳುವಂತಿಲ್ಲ, ಬಂದ ಲಾಭವೆಲ್ಲ ನನ್ನದೇ ಆದಾಯ ಎಂದು ಜಯಪ್ರಕಾಶ್ ಹೇಳಿದರು. ಇದನ್ನು ಕೇಳಿ ಅತ್ತೆ, "ಮುಗೀತು, ಮತ್ತೆ ನನ್ ಥರಾನೇ ಆದೆ," ಎಂದರು.

"ಇಲ್ಲ ಅತ್ತೆ. ನೀವು ಬಂದು ಕೊಬ್ರಿ ಮುಟ್ಟಿ ನೋಡಿ. ನಿಮಗೆ ಕೊಡಬಹುದು."

"ಎಷ್ಟು ಕೊಡ್ತೀಯ?"

"ಹನ್ನೆರಡು ಸಾವಿರ."

"ಹೆಸ್ರು ಆ ಬೀರಯ್ಯನ ಪುಸ್ತಕದಲ್ಲಿ ಬರೆಸ್ಬೇಕು. ರಂಗನಿಗಿಂತ ಮೇಲೆ."

ಗುರುವಾರ ಹಳೆಯ ತಕ್ಕಡಿಯನ್ನು ಕುಣಿಗಲ್ಲಿಗೆ ಒಯ್ದೆವು. ವ್ಯಾನನ್ನು ನಾನು ಓಡಿಸಿದೆ. ಅತ್ತೆ ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಹಂಪು ಬಂದಾಗಲೆಲ್ಲ ಮೆಲ್ಲಗೆ ಕಣೇ, ಮೆಲ್ಲಗೆ ಎನ್ನುತ್ತಿದ್ದರು. ಕೆರೆ ದಾಟುವಷ್ಟರಲ್ಲಿ ಅವರ ಕಾಲು ಜೋಮು ಹಿಡಿದಿತ್ತು.

ಚಂದ್ರು ತಮ್ಮ ಕಲ್ಲಿನ ಮೇಜನ್ನು ಒರೆಸಿ ಕಾದಿದ್ದರು. ತಕ್ಕಡಿ ಇಟ್ಟು, ಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಕಾಲಿನ ತಿರುಪು ತಿರುಗಿಸಿದರು. ಸ್ವಿಚ್ ಹಾಕಿ, ತಕ್ಕಡಿ ಬಿಸಿಯಾಗುವಷ್ಟರಲ್ಲಿ ನಮಗೆ ಕಾಫಿ ತರಿಸಿದರು.

"ಇಷ್ಟು ವರ್ಷದ ಬಾಡಿಗೆ ಹೇಳಿ," ಎಂದೆ.

"ಎಣ್ಣೆ ಕೊಡ್ತಿದ್ರಲ್ಲ, ಬಂದಾಗೆಲ್ಲ ಎರಡು ಲೀಟರ್. ನಮ್ಮನೇಲಿ ಆರು ವರ್ಷ ಕೊಬ್ರಿ ಎಣ್ಣೆ ಕೊಂಡಿಲ್ಲ."

ಹಿತ್ತಾಳೆಯ ತೂಕಗಳನ್ನು ಚಿಮಟದಿಂದ ಒಂದೊಂದಾಗಿ ಬಟ್ಟಲಿಗಿಟ್ಟು ನೋಡಿದರು. ಹತ್ತು ಗ್ರಾಮಿನ ತೂಕಕ್ಕೆ ಹತ್ತು ಗ್ರಾಂ ಎಂದೇ ತೋರಿಸಿತು.

"ಚೆನ್ನಾಗಿ ಇಟ್ಕೊಂಡಿದೀರ," ಎಂದರು.

ಪುಸ್ತಕ ತೆಗೆದು ತಾರೀಖು ಹಾಕಿ, 'ವಾಪಸು ಬಂದಿದೆ, ದೋಷವಿಲ್ಲ' ಎಂದು ಬರೆದು ನನ್ನ ಕಡೆ ತಿರುಗಿಸಿದರು. ತಂದೊಪ್ಪಿಸಿದವರು ಎಂಬಲ್ಲಿ ಸಹಿ ಹಾಕಿ ಪೆನ್ನು ಕೊಟ್ಟೆ. ಅತ್ತೆ ಖಾಲಿ ಕಂಬಳಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಇನ್ನೂ ಜೋಮು ಬಿಡದ ಕಾಲನ್ನು ನೆಲಕ್ಕೆ ತಟ್ಟುತ್ತಾ ವ್ಯಾನಿನ ಕಡೆ ನಡೆಯುತ್ತಿದ್ದರು.